ಸರೋಜಮ್ಮನ ಗಾಡಿಯ ಹಿಂದಿನ ಸೀಲು

ಇವತ್ತು ಬೆಳಿಗ್ಗೆ ಗುಜರಿ ಮಲ್ಲಣ್ಣನ ಪಿಕಪ್ ನನ್ನ ಗ್ಯಾರೇಜಿಗೆ ಬಂತು. ಹಿಂದಿನ ಚಕ್ರ ಬಿಚ್ಚಿದ ಕೂಡಲೇ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಗೇರ್ ಎಣ್ಣೆಯ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಕೊಳೆತ ಉಳ್ಳಾಗಡ್ಡಿಗೆ ಗಂಧಕ ಹಾಕಿ ಹುರಿದ ಹಾಗೆ ಇರುತ್ತದೆ. ಅಂಗಿಗೆ ಹತ್ತಿದರೆ ಅವ್ವ ಮನೆಯೊಳಗೆ ಬಿಡುವುದಿಲ್ಲ. ನನಗೆ ಮಾತ್ರ ಆ ವಾಸನೆ ಬಂದರೆ ಸರೋಜಮ್ಮ ನೆನಪಾಗುತ್ತಾರೆ. ಇದನ್ನು ಅವರ ಮುಂದೆ ಹೇಳಿದರೆ ಹೊಡೆದೇ ಬಿಡುತ್ತಾರೆ.

ಸರೋಜಮ್ಮ ಶಹಾಬಾದಿನವರು, ನರ್ಸ್ ಆಗಿ ರಿಟೈರ್ ಆದವರು. ರಾವೂರಿನಿಂದ ಸೇಡಂ ಕಡೆಯ ಮುಧೋಳದ ತನಕ ಎಷ್ಟೋ ಬಸಿರಿ ಹೆಂಗಸರನ್ನು ತಮ್ಮ ಅಂಬಾಸಿಡರಿನಲ್ಲಿ ಕೂರಿಸಿಕೊಂಡು, ತಾವೇ ಓಡಿಸಿಕೊಂಡು ದವಾಖಾನೆಗೆ ಮುಟ್ಟಿಸಿದವರು. ಅದರ ಹಿಂದಿನ ಸೀಟಿನಲ್ಲೇ ಹುಟ್ಟಿದವನೊಬ್ಬ ಈಗ ನನ್ನ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಜೋರು ಹಾರ್ನ್ ಕೇಳಿದರೆ ಇವತ್ತಿಗೂ ಬೆಚ್ಚುತ್ತಾನೆ.

ಇದು ಹಳೆಯ ಮಾತು. ನಾನು ಏಳನೇ ಕ್ಲಾಸು ಫೇಲು. ಒಬ್ಬ ಉಸ್ತಾದರ ಹತ್ತಿರ ಕೆಲಸ ಕಲಿತು, ಆಗಷ್ಟೇ ವಾಡಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ್ದೆ. ಗ್ಯಾರೇಜು ಅಂದರೆ ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಫರಸಿ ಕಲ್ಲು, ಒಂದು ಕುರ್ಚಿ. ಸರೋಜಮ್ಮನ ಗಾಡಿಯ ಡಿಫರೆನ್ಶಿಯಲ್, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರಿನ ಡಬ್ಬಿ, ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಇಳಿಸಿದೆ, ಹಲ್ಲಿನ ಚಕ್ರ, ಬೇರಿಂಗು ಎಲ್ಲ ಫರಸಿಯ ಮೇಲೆ ಹರವಿಟ್ಟು ಹೊಸದಾಗಿ ಕಟ್ಟಿದೆ. ಕೊನೆಗೆ ಆಕ್ಸಲ್ ಸೀಲು. ನೋಡಲಿಕ್ಕೆ ರಬ್ಬರಿನ ಬಳೆ, ಅಷ್ಟೇ. ಆದರೆ ಒಳಗಿನ ಎಣ್ಣೆ ಬ್ರೇಕಿನ ಮೇಲೆ ಬರದ ಹಾಗೆ ತಡೆಯುವುದು ಅದೇ. ಕಟ್ಟಿಗೆ ಇಟ್ಟು ಸುತ್ತಲೂ ಮೆಲ್ಲಗೆ ಬಡಿದು ಕೂರಿಸಿದೆ. ಆಮೇಲೆ ಪಂಪು ಹಚ್ಚಿ ಗಾಡಿಯ ಹೊಟ್ಟೆಯ ತನಕ ತೊಳೆದೆ. ನಮ್ಮ ಕಡೆ ಖಣಿ, ಪಾಲಿಶ್ ಮಷಿನು, ಸಿಮೆಂಟ್ ಲಾರಿ. ಕಲ್ಲಿನ ಪುಡಿ ಕೂರದ ಜಾಗವೇ ಇಲ್ಲ. ಧೂಳು ಹತ್ತಿದ ಗಾಡಿಯನ್ನು ವಾಪಸ್ ಕೊಡುವುದು ಎಂಜಲು ತಟ್ಟೆಯಲ್ಲಿ ಊಟ ಬಡಿಸಿದ ಹಾಗೆ.

ವಾರ ಕಳೆಯುವುದರೊಳಗೆ ಗಾಡಿ ತಿರುಗಿ ಬಂತು. ಬ್ರೇಕಿನ ತುಂಬ ಎಣ್ಣೆ.

“ನಿನ್ನ ಸೀಲಿಗಿಂತ ನಮ್ಮ ಓಣಿ ನಳಾನೇ ಕಡಿಮಿ ಸೋರ್ತದಲ್ಲೋ ತಮ್ಮಾ,” ಅಂದರು ಸರೋಜಮ್ಮ.

ಮತ್ತೆ ಹೊಸ ಸೀಲು ಹಾಕಿದೆ. ಈ ಸಲ ನಾಚಿಕೆಗೆ ಇನ್ನೂ ಚೆನ್ನಾಗಿ ತೊಳೆದೆ. ಮತ್ತೆ ಸೋರಿತು.

ಮುಂದಿನ ಸಲ ಅವರ ಗಾಡಿಯ ಹಿಂದೆ ಮಲ್ಲಣ್ಣನ ಸ್ಕೂಟರು ಬಂತು. ಅವನು ಹಳೆಯ ಗಾಡಿ ಒಡೆದು ಕಬ್ಬಿಣ ಮಾರುವವನು. ನನ್ನ ಕುರ್ಚಿಯ ಮೇಲೆ ಕೂತು, ಕಟುಕ ಕುರಿ ನೋಡುವ ಹಾಗೆ ಅಂಬಾಸಿಡರನ್ನು ನೋಡತೊಡಗಿದ.

“ನಾ ಸಿಟ್ಟಿಲೆ ಹೇಳಾಕತ್ತಿಲ್ಲ,” ಅಂದರು ಸರೋಜಮ್ಮ, ರಸ್ತೆಯ ಕಡೆ ಮುಖ ಮಾಡಿ. “ಬ್ರೇಕ್ ಹಿಡೀಲಾರದ ಗಾಡ್ಯಾಗ ನಾ ಯಾರನ್ನೂ ಕುಂದ್ರಸಂಗಿಲ್ಲ. ಇವತ್ತ ಆಗಲಿಲ್ಲಂದ್ರ ಮಲ್ಲಣ್ಣ ಒಯ್ಯಲಿ.”

ಗಾಡಿ ಇನ್ನೂ ಬಿಸಿಯಿತ್ತು. ಕೆಳಗೆ ನುಗ್ಗಿ ಎಣ್ಣೆ ಹಾಕುವ ಬಿರಡೆ ಸಡಿಲಿಸಿದೆ. ಸುಸ್ ಅಂತು. ಇಷ್ಟು ಗಾಳಿ ಒಳಗೆ ಯಾಕೆ ನಿಂತಿತು? ಬಿಸಿಗಾಳಿ ಹೊರಗೆ ಹೋಗಲೆಂದೇ ಆಕ್ಸಲಿನ ಮೇಲೆ ಒಂದು ಸಣ್ಣ ಮೂಗು ಇರುತ್ತದೆ. ಕೈಯಾಡಿಸಿದೆ. ಮೂಗಿರಲಿಲ್ಲ, ಗಂಟಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಬೆಳ್ಳಗೆ ಉದುರಿತು. ಗಚ್ಚು! ಕಲ್ಲಿನ ಪುಡಿ, ಸಿಮೆಂಟು, ಮೇಲೆ ನನ್ನ ಪಂಪಿನ ನೀರು. ಗೌಂಡಿಯೂ ಗೋಡೆಗೆ ಅಷ್ಟು ಚೆನ್ನಾಗಿ ಗಿಲಾಯಿ ಮಾಡಲಾರ. ಒಳಗಿನ ಗಾಳಿ ಬೇರೆ ದಾರಿ ಇಲ್ಲದೆ ಎಣ್ಣೆಯನ್ನು ಸೀಲಿನ ಸಂದಿಯಿಂದ ದಬ್ಬುತ್ತಿತ್ತು. ನಾನು ಸುಮ್ಮನೆ ಸೀಲನ್ನು ಬೈದುಕೊಂಡು ಕೂತಿದ್ದೆ.

ಗಾಡಿಯ ಕೆಳಗೇ ಮಲಗಿ ನಕ್ಕೆ. ಸರೋಜಮ್ಮ ಬಗ್ಗಿ ನೋಡಿದರು.

“ತಲಿಗಿಲಿ ಕೆಟ್ಟದೇನೋ?”

“ಮೂಗು ಕಟ್ಟ್ಯದರಿ ಅಮ್ಮ.”

“ಯಾರದು?”

“ಗಾಡೀದರಿ. ಅದಕ್ಕ ಹೊಟ್ಟಿ ಉಬ್ಬ್ಯದ.”

“ಮೊದಲೇ ನನ್ನ ಕೇಳಿದ್ರ ವಿಕ್ಸ್ ಹಚ್ಚತಿದ್ದೆ,” ಅಂದರು.

ಹೊಸ ಮೂಗು ಹಾಕಿದೆ. ಅದಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ, ಧೂಳು ಮುಟ್ಟದ ಹಾಗೆ ಮೇಲಕ್ಕೆ ಕಟ್ಟಿದೆ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ ಕೂರಿಸಿದೆ. ಬ್ರೇಕು ಒರೆಸಿ ಹೊಸ ಲೈನಿಂಗ್ ಹಾಕಿದೆ. ಗಾಡಿ ತೊಳೆಯಲಿಲ್ಲ.

ಮಲ್ಲಣ್ಣ ಕುರ್ಚಿ ಬಿಟ್ಟೇಳಲಿಲ್ಲ. ಗಾಡಿ ಓಡಿಸಿ ನೋಡಲು ನಾನೂ ಸರೋಜಮ್ಮನೂ ಹೊರಟೆವು, ಸ್ಟೇರಿಂಗು ಅವರ ಕೈಯಲ್ಲಿ. ಚಿತ್ತಾಪುರ ದಾಟಿತು, ಸೇಡಂ ದಾಟಿತು. ಗುಂಯ್ ಅನ್ನುವ ಸದ್ದಿಲ್ಲ. ಚಿಂಚೋಳಿ ಕಡೆಯ ಇಳಿಜಾರಿನಲ್ಲಿ ಅವರು ಬ್ರೇಕ್ ಒತ್ತಿದರು. ಗಾಡಿ ನೆಲಕ್ಕೆ ಕಚ್ಚಿಕೊಂಡ ಹಾಗೆ ನಿಂತಿತು. ನಾನು ಇಳಿದು ಕರವಸ್ತ್ರದಿಂದ ಹಿಂದಿನ ಚಕ್ರದ ಒಳಭಾಗ ಒರೆಸಿ ತೋರಿಸಿದೆ. ಒಣ ಬಿಳಿ ಪುಡಿ. ಎಣ್ಣೆಯ ಒಂದು ಕಲೆ ಇರಲಿಲ್ಲ. ಸರೋಜಮ್ಮ ಆ ಕರವಸ್ತ್ರ ಕಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅದರಲ್ಲೇ ಕಣ್ಣು ಒರೆಸಿಕೊಳ್ಳಲು ಹೋಗಿ, ಪುಡಿ ನೆನಪಾಗಿ ಬಿಟ್ಟರು. ವಾಪಸ್ ಬರುವಾಗ ಸೇಡಂ ಬಜಾರಿನ ಉದ್ದಕ್ಕೂ ಹಾರ್ನ್ ಬಾರಿಸಿದರು. ಅಡ್ಡ ಯಾರೂ ಇರಲಿಲ್ಲ.

ವಾಡಿಗೆ ಮುಟ್ಟಿದಾಗ ನನ್ನ ಕುರ್ಚಿ ಖಾಲಿಯಿತ್ತು.

ಇವತ್ತು ಮಲ್ಲಣ್ಣ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಸೀಲು ಹೋಗಿದೆ, ಹೊಸದು ಹಾಕು ಅನ್ನುತ್ತಾನೆ. ಅವನ ಪಿಕಪ್ಪು ಫಳಫಳ ಹೊಳೆಯುತ್ತಿದೆ, ಬರುವಾಗ ತೊಳೆಸಿಕೊಂಡೇ ಬಂದಿದ್ದಾನೆ. ನಾನು ಸೀಲಿಗೆ ಕೈ ಹಚ್ಚಲಿಲ್ಲ. ತಂತಿ ತೆಗೆದುಕೊಂಡು ಕೆಳಗೆ ನುಗ್ಗಿದೆ. ಮೂಗಿನ ಜಾಗದಲ್ಲಿ ಗಂಟು. ಕೊಳೆತ ಉಳ್ಳಾಗಡ್ಡಿಯ ವಾಸನೆ, ನಿಜ ಹೇಳುತ್ತೇನೆ, ಘಮ್ಮೆಂದಿತು.

“ಆ ನರ್ಸಮ್ಮನ ಗಾಡಿ ಏನಾತೋ?” ಮೇಲಿನಿಂದ ಮಲ್ಲಣ್ಣ ಕೇಳಿದ.

“ಇವತ್ತೂ ಚಿಂಚೋಳಿಗಿ ಹೋಗ್ಯದ,” ಅಂದೆ. “ನೀವು ಆರಾಮ ಕುಂದ್ರಿ.”