ಟೈಲರಮ್ಮನ ಶನಿವಾರ

ನಮ್ಮ ಬೀದಿಯ ಟೈಲರಮ್ಮನಿಗೆ ಐವತ್ತೆಂಟು ವರ್ಷ. ಭಾನುವಾರದ ದೂರದ ಓಟಕ್ಕೆ ಅವರ ತಯಾರಿ ಶನಿವಾರ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆಯುವುದರೊಂದಿಗೆ ಆರಂಭವಾಗುತ್ತದೆ. ಬಟ್ಟೆ ಕೇಳಲು ಬಂದವರಿಗೆಲ್ಲ ಒಂದೇ ಉತ್ತರ: “ನಾಳೆ ಇಪ್ಪತ್ತೆಂಟು ಕಿಲೋಮೀಟರ್ ಇದೆ ಕಣ್ರೀ, ನಿಮ್ಮ ಪ್ಯಾಂಟು ಎಲ್ಲಿಗೂ ಓಡಿಹೋಗಲ್ಲ.” “ಗೆದ್ರೆ ಏನು ಕೊಡ್ತಾರೆ?” ಎಂದರೆ, “ನಾಳೆ ಬರೀ ತಾಲೀಮು, ಚಪ್ಪಾಳೆನೂ ಇಲ್ಲ” ಎಂದು ಹೆಮ್ಮೆಯಿಂದಲೇ ಹೇಳುತ್ತಾರೆ. ಆಮೇಲೆ ಕಾಲುಗುರು ಕತ್ತರಿಸುತ್ತಾರೆ. ಹೊಲಿಗೆ ತೊಡೆಗೆ ಉಜ್ಜದಿರಲೆಂದು ಚಡ್ಡಿಯ ಒಳಮೈಯನ್ನು ಹೊರಕ್ಕೆ ತಿರುಗಿಸುತ್ತಾರೆ. ಬೆವರಿನಲ್ಲಿ ಮುದ್ದೆಯಾಗಲಿರುವ ಅಂಗಿಗೆ, ಮದುವೆಗೆ ಹೊರಟವರಂತೆ, ಗರಿಗರಿಯಾಗಿ ಇಸ್ತ್ರಿ ಹಾಕುತ್ತಾರೆ. ಬೂಟಿನ ಲೇಸನ್ನು ಟೇಪಿನಿಂದ ಅಳೆದು ಎರಡೂ ಕಡೆ ಸಮಮಾಡದೆ ಅವರಿಗೆ ಊಟ ಸೇರದು. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಮಗಳು ಬಾಗಿಲಲ್ಲೇ ಕಾವಲು ನಿಲ್ಲತೊಡಗಿದ್ದಾಳೆ. “ಅಮ್ಮಾ, ಡಾಕ್ಟ್ರು ಓಡಾಡಿ ಅಂದಿದ್ದು, ಓಡಿ ಅಂತಲ್ಲ.” “ಬೇಡ ಅಂತನೂ ಅನ್ನಲಿಲ್ವಲ್ಲೇ!” “ದಾರೀಲಿ ಬಿದ್ದೆ ಅಂತ ಒಂದೇ ಒಂದು ಫೋನ್ ಬರಲಿ, ಆವತ್ತೇ ಬೂಟು ಕಸದಬುಟ್ಟಿಗೆ.” ಹೀಗೆ ಗುಡುಗಿದ ಮಗಳು, ಅಂಗಿಯೊಳಗೆ ತನ್ನ ಫೋನ್ ನಂಬರು ಹೊಲಿದುಕೊಳ್ಳಲೇಬೇಕೆಂದು ಷರತ್ತು ಹಾಕಿದಳು. ಟೈಲರಮ್ಮ ಎದುರಾಡದೆ ಒಪ್ಪಿಕೊಂಡದ್ದು ನನಗೆ ಆಶ್ಚರ್ಯವೆನಿಸಿತ್ತು. ಈ ಶನಿವಾರ ಸೂಜಿಗೆ ದಾರ ಪೋಣಿಸಿಕೊಡಲು ನನ್ನನ್ನು ಕರೆದರು, ಆಗ ನೋಡಿದೆ. ಮಗಳ ನಂಬರು ಅಚ್ಚುಕಟ್ಟಾಗಿಯೇ ಇತ್ತು. ಅದರ ಮೇಲೆ, ಕೆಂಪು ದಾರದ ಪುಟ್ಟ ಅಕ್ಷರಗಳಲ್ಲಿ, ಅವರದೇ ಒಂದು ಸಾಲು ಮುಗಿಯುತ್ತ ಬಂದಿತ್ತು: “ಮೊದಲು ಎಬ್ಬಿಸಿ ನಿಲ್ಲಿಸಿ ನೋಡಿ. ನಿಲ್ಲದಿದ್ದರೆ ಮಾತ್ರ ಫೋನ್ ಮಾಡಿ.”