ಹತ್ತು ಗಂಟೆಗೆ ಕೂತೆವು

ಅವಳು ಆ ಮಾತು ಹೇಳಿದಾಗ ನಾನು ಅವಳ ಪಕ್ಕದ ಕುರ್ಚಿಯಲ್ಲೇ ಇದ್ದೆ. ನಾನು ದೇಶ ಬಿಟ್ಟು ಬಂದು ಸೇರಿದ ಪಾಪಕುರಾ ಊರಿನ ಒಂದು ಸಭಾಂಗಣ, ಶನಿವಾರ ಮಧ್ಯಾಹ್ನ, ಚುನಾವಣೆ ಹತ್ತಿರವಿತ್ತು. ವೇದಿಕೆಯ ಮೇಲೆ ಇಬ್ಬರು ಅಭ್ಯರ್ಥಿಗಳು. ನಾವಿಬ್ಬರೂ ಒಂದೇ ವೃದ್ಧಾಶ್ರಮದಲ್ಲಿ ಕೆಲಸ ಮಾಡುವವರು. ಅವಳ ಕಾರಿನಲ್ಲೇ ಬಂದಿದ್ದೆವು. ಅವಳು ಆ ಊರಿನಲ್ಲೇ ಹುಟ್ಟಿದವಳು. ಅವಳ ಅಪ್ಪ ಮಾಂಸದ ಕಾರ್ಖಾನೆಯಲ್ಲಿ ದುಡಿದವರು. ಮುದುಕರನ್ನು ಎಬ್ಬಿಸಿ, ಮೈ ತೊಳೆದು, ಉಣಿಸುವ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಾಳೆ. ಐದು ವರ್ಷದ ಹಿಂದೆ ನನಗೆ ಅದನ್ನು ಕಲಿಸಿದವಳೂ ಅವಳೇ.

ಮೈಕು ಕೈಗೆ ಬಂದಾಗ ಅವಳು ಎದ್ದು ನಿಂತಳು. ಇಂಗ್ಲಿಷಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮೃದು ಮಾಡಿಲ್ಲ.

"ಹೊರಗಿನಿಂದ ಜನ ಕರೆಸೋದನ್ನು ಕೆಲವು ವರ್ಷ ನಿಲ್ಲಿಸಿ. ನನ್ನ ಬೆಳಗಿನ ಶಿಫ್ಟು ಹೋಗ್ತಾ ಇದೆ. ಮೂರು ಗಂಟೆಗೆ ನಾನು ಶಾಲೆ ಗೇಟಿನ ಹತ್ತಿರ ಇರಬೇಕು. ಮೊಮ್ಮಗಳಿಗೆ ನನ್ನ ಬಿಟ್ಟರೆ ಯಾರೂ ಇಲ್ಲ."

ಅದು ನಿಜ. ಹೊಸ ರೋಸ್ಟರಿನ, ಎಂದರೆ ಪಾಳಿಪಟ್ಟಿಯ ಪ್ರಕಾರ ಎಲ್ಲರಿಗೂ ವಾರವಾರ ಶಿಫ್ಟು ಬದಲಾಗಲಿತ್ತು. ಸಂಜೆ ಪಾಳಿ ಬಿದ್ದರೆ ಅವಳು ಕೆಲಸ ಬಿಡಲೇಬೇಕಿತ್ತು.

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಒಬ್ಬ ಅಭ್ಯರ್ಥಿ, ಇಂಥ ಕಡಿಮೆ ಕೌಶಲದ ಕೆಲಸಕ್ಕೆ ಇಲ್ಲಿನವರು ಬರುವುದಿಲ್ಲ, ಆದ್ದರಿಂದ ವಲಸಿಗರು ಬೇಕು ಎಂದ. ಇನ್ನೊಬ್ಬ, ಕಡಿಮೆ ಕೌಶಲದ ವಲಸಿಗರು ಸಾಕು ಎಂದ. ಅವಳು ಮೈಕನ್ನು ಆಗಲೇ ವಾಪಸ್ ಕೊಟ್ಟಿದ್ದಳು. ಮೈಕಿಲ್ಲದೆಯೇ ಕೂಗಿದಳು.

"ಕಡಿಮೆ ಕೌಶಲವಾ? ಸೋಮವಾರ ಏಳಕ್ಕೆ ಬನ್ನಿ, ಇಬ್ಬರೂ ಬನ್ನಿ. ತೊಂಬತ್ತು ಕಿಲೋ ಮನುಷ್ಯನಿಗೆ ಚಡ್ಡಿ ಹಾಕಿಸಿ ತೋರಿಸಿ. ಒದೀತಾನೆ, ಮೊದಲೇ ಹೇಳಿರ್ತೀನಿ."

ಸಭೆ ನಕ್ಕಿತು. ನಾನೂ ನಕ್ಕೆ. ಆ ಮನುಷ್ಯ ನನ್ನನ್ನೂ ಒದ್ದಿದ್ದಾನೆ. ನೋಯುವ ಭುಜಕ್ಕೆ ಮೊದಲು ಅಂಗಿಯ ತೋಳು ಹಾಕಬೇಕು, ಆಮೇಲೆ ಒಳ್ಳೆಯ ಭುಜಕ್ಕೆ, ಬಿಚ್ಚುವಾಗ ಅದರ ತಿರುಗುಮುರುಗು ಎಂದು ಅವಳು ಕಲಿಸಿದ್ದು ಅವನಿಗೆ ಅಂಗಿ ತೊಡಿಸುವಾಗಲೇ.

ಕಾರಿನಲ್ಲಿ ಕೇಳಿದೆ, "ನನ್ನ ಬಗ್ಗೆ ಹೇಳಿದ್ದಾ?"

"ನಿನ್ನ ಬಗ್ಗೆ ಅಲ್ಲ ಡಾರ್ಲಿಂಗ್." ಕೆಂಪು ದೀಪಕ್ಕೆ ಕಾರು ನಿಂತಿತು. "ಸ್ವಲ್ಪ ನಿನ್ನ ಬಗ್ಗೇನೂ. ಶಿಫ್ಟು ಏಳಕ್ಕೆ. ನೀನು ಆರೂ ಮುಕ್ಕಾಲಿಗೇ ಶುರು ಮಾಡಿರ್ತೀಯ. ಹತ್ತು ಗಂಟೆಗೆ ಟೀಗೆ ಕೂರಲ್ಲ. ಏನು ಕೇಳಿದರೂ ಯೆಸ್, ಯೆಸ್. ಮ್ಯಾನೇಜರ್ ನನ್ನ ಕಡೆ ತಿರುಗಿ, ಅವರಿಗಿಲ್ಲದ ಕಷ್ಟ ನಿನಗೇನು ಅಂತಾಳೆ. ನೀನು ಬಂದ ಮೇಲೆ ನಾನು ಸೋಮಾರಿ ಆದೆ."

ಹಾಸನದ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದವಳು. ಅಲ್ಲಿ ವಾರ್ಡಿನಲ್ಲಿ ಕೂತವಳನ್ನು ಹಿರಿಯ ಸಿಸ್ಟರ್ ಎಲ್ಲರೆದುರು ಎಬ್ಬಿಸುತ್ತಿದ್ದರು. ತಿಂಡಿಯನ್ನು ಕಿಟಕಿಯ ಹತ್ತಿರ ನಿಂತುಕೊಂಡೇ ತಿಂದು ಮುಗಿಸುತ್ತಿದ್ದೆವು. ಇಲ್ಲಿಗೆ ಬಂದಾಗ ನನ್ನ ವೀಸಾ ಈ ಒಂದೇ ಕೆಲಸಕ್ಕೆ ಅಂಟಿಕೊಂಡಿತ್ತು. ಬೇಗ ಬರುವುದು, ಕೂರದಿರುವುದು, ಇಲ್ಲ ಎನ್ನದಿರುವುದು ಒಳ್ಳೆಯತನವೆಂದು ನಂಬಿದ್ದೆ. ಎರಡು ವರ್ಷದ ಹಿಂದೆ ಕಾಯಂ ವಾಸದ ಪರವಾನಗಿ ಬಂತು, ಪೌರತ್ವವಿಲ್ಲದಿದ್ದರೂ ಇಲ್ಲಿ ಅದರ ಜೊತೆಗೆ ಮತದಾನದ ಹಕ್ಕೂ ಬಂತು. ಆದರೂ ಕೂರಲಿಲ್ಲ. ನನ್ನ ಒಳ್ಳೆಯತನದ ಭಾರ ಇನ್ನೊಬ್ಬಳ ಮೇಲೆ ಬೀಳುತ್ತಿದೆಯೆಂದು ನನಗೆ ಹೊಳೆದೇ ಇರಲಿಲ್ಲ.

ರೋಸ್ಟರ್ ಮೀಟಿಂಗು ಶುಕ್ರವಾರಕ್ಕಿತ್ತು. ಹೊರಗಿನಿಂದ ಬಂದವರು ನಾವು ಆರು ಜನ. ಕನ್ನಡ ಆಡುವವಳು ನನ್ನ ಬಿಟ್ಟರೆ ಇನ್ನೊಬ್ಬಳು, ರಾಯಚೂರಿನ ಕಡೆಯ ಹುಡುಗಿ, ಇನ್ನೂ ವೀಸಾದ ಮೇಲಿದ್ದವಳು. ಸೋಮವಾರ ಬೆಡ್‌ಶೀಟು ಮಡಿಸುವಾಗ ಅವಳಿಗೆ ಹೇಳಿದೆ.

"ಇವತ್ತಿಂದ ಹತ್ತು ಗಂಟೆಗೆ ಟೀಗೆ ಕೂರೋಣ ಕಣೇ."

"ನಿಮಗೇನ್ರಿ ಅಕ್ಕಾರ, ನಿಮ್ಮ ರೆಸಿಡೆನ್ಸಿ ಆಗೇತಿ. ನಾ ಇಲ್ಲಿ ಕುಂತ್ರ ನಾಳೆ ಊರಾಗ ಕುಂದರಬೇಕಾಕ್ಕೈತಿ."

"ಮೊದಲು ನಾನು ಕೂರ್ತೀನಿ. ನನಗೇನಾಗತ್ತೆ ನೋಡಿಕೊಂಡು ಆಮೇಲೆ ಬಾ."

ಅವತ್ತು ಹತ್ತು ಗಂಟೆಗೆ ಕೈ ತೊಳೆದು ಟೀ ಕೋಣೆಗೆ ಹೋದೆ. ಐದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತಿದ್ದು ಅದೇ ಮೊದಲು. ಕಿಟಕಿಯಿಂದ ರೈಲು ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಕೆಲಸ ಕಲಿಸಿದವಳು ಎದುರಿಗೇ ಕೂತಿದ್ದಳು, ನನ್ನ ಮುಖ ನೋಡಿದಳು. ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಹತ್ತು ನಿಮಿಷ ಮುಗಿಯುವುದು ಯಾವಾಗ ಎಂದು ನಾನು ಗಡಿಯಾರ ನೋಡುತ್ತಲೇ ಇದ್ದೆ.

ಬುಧವಾರ ರಾಯಚೂರಿನ ಹುಡುಗಿ ಕಪ್ಪು ಹಿಡಿದುಕೊಂಡು ಬಾಗಿಲಲ್ಲಿ ಕಾಣಿಸಿದಳು. "ಕುಂದರ್ಲೇನ್ರಿ?" ಎಂದಳು, ಕನ್ನಡದಲ್ಲೇ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಎದುರು ಕೂತಿದ್ದ, ಕನ್ನಡ ಬಾರದ ಅವಳು ಕಾಲಿನಿಂದ ಒಂದು ಕುರ್ಚಿಯನ್ನು ಹೊರಕ್ಕೆ ದೂಡಿದಳು. ಗುರುವಾರದ ಹೊತ್ತಿಗೆ ಆರೂ ಜನ ಕೂರುತ್ತಿದ್ದೆವು. ಮುದುಕರನ್ನು ಬಿಟ್ಟು ಒಟ್ಟಿಗೆ ಬರುವಂತಿಲ್ಲ. ಸರದಿಯ ಮೇಲೆ ಬರುತ್ತಿದ್ದೆವು. ಯಾರ ಕರೆಗಂಟೆಯೂ ಉತ್ತರವಿಲ್ಲದೆ ಉಳಿಯಲಿಲ್ಲ.

ಶುಕ್ರವಾರ ಮ್ಯಾನೇಜರ್ ಹೊಸ ರೋಸ್ಟರನ್ನು ಗೋಡೆಗೆ ಅಂಟಿಸಿ, "ಒಬ್ಬರಿಗೆ ಬಿಟ್ಟರೆ ಯಾರಿಗೂ ತೊಂದರೆ ಇಲ್ಲ ಅಲ್ವಾ?" ಎಂದಳು. ಹಾಗೆ ಹೇಳುವಾಗ ನನ್ನ ಕಡೆ ನೋಡಿ ನಕ್ಕಳು. ನಾನು ಯಾವಾಗಲೂ ಆ ನಗುವಿಗೆ ತಲೆಯಾಡಿಸುತ್ತಿದ್ದೆ.

"ನನಗೆ ತೊಂದರೆ ಇದೆ," ಎಂದೆ.

"ನಿನಗಾ? ಯಾವತ್ತೂ ಹೇಳಿರಲಿಲ್ಲ."

"ಹೇಳಬೇಕಿತ್ತು. ಇವತ್ತು ಹೇಳ್ತಾ ಇದೀನಿ." ಸಂಜೆ ಪಾಳಿ ಮಾಡಬಲ್ಲವರು ನಮ್ಮಲ್ಲೇ ಇದ್ದಾರೆ, ನಾನೂ ಒಬ್ಬಳು; ಬೆಳಗ್ಗೆ ಬಿಟ್ಟರೆ ಆಗದವರ ಬೆಳಗನ್ನು ಮುಟ್ಟಬೇಡಿ ಎಂದೆ. ಆಗ ನನ್ನ ಹಿಂದಿನಿಂದ ರಾಯಚೂರಿನ ಹುಡುಗಿ ಕೈ ಎತ್ತಿದಳು. ಕಳೆದುಕೊಳ್ಳಲು ನನಗಿಂತ ಅವಳಿಗೆ ಹೆಚ್ಚಿತ್ತು. ಈಗಲೂ ಅವಳ ಆ ಕೈಯನ್ನು ನೆನೆದರೆ ನನ್ನ ಎದೆ ಉಬ್ಬುತ್ತದೆ. ಆಮೇಲೆ ಉಳಿದ ನಾಲ್ವರೂ ಎತ್ತಿದರು.

ಮ್ಯಾನೇಜರ್ ಹಾಳೆಯನ್ನು ಗೋಡೆಯಿಂದ ಬಿಡಿಸಿಕೊಂಡು ಹೋದಳು. ಮುಂದಿನ ವಾರ ಅಂಟಿಸಿದ್ದರಲ್ಲಿ ಮೊಮ್ಮಗಳನ್ನು ಕರೆತರಬೇಕಾದವಳ ಬೆಳಗುಗಳು ಹಾಗೇ ಇದ್ದವು. ನನಗೆ ವಾರಕ್ಕೆರಡು ಸಂಜೆ ಬಿದ್ದಿತ್ತು. ನಾನೇ ಕೇಳಿ ಪಡೆದದ್ದು.

ಮತದಾನಕ್ಕೂ ಅವಳ ಕಾರಿನಲ್ಲೇ ಹೋದೆವು. "ನನ್ನ ಅಭಿಪ್ರಾಯ ಬದಲಾಗಿಲ್ಲ, ತಿಳ್ಕೋ," ಎಂದಳು.

"ಗೊತ್ತು. ನನ್ನದೂ ಬದಲಾಗಿಲ್ಲ."

"ಮತ್ತೆ ಯಾಕೆ ನನ್ನ ಕಾರು ಹತ್ತಿದೆ?"

"ಬಸ್ಸಿಗೆ ಕಾಯಬೇಕಲ್ಲ."

ಅವಳು ಜೋರಾಗಿ ನಕ್ಕಳು. ಪಕ್ಕಪಕ್ಕದ ಮರೆಗಳಲ್ಲಿ ನಿಂತು ಗುರುತು ಹಾಕಿದೆವು. ಯಾರಿಗೆಂದು ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಸೋಮವಾರ ಎರಡೂವರೆಗೆ ನಾನು ಒದೆಯುವ ಮನುಷ್ಯನಿಗೆ ಸ್ವೆಟರ್ ತೊಡಿಸುತ್ತಿದ್ದೆ, ನೋಯುವ ಭುಜ ಮೊದಲು. ಅವಳು ಕಾರಿನ ಕೀ ಎತ್ತಿಕೊಂಡು, ಬಾಗಿಲಲ್ಲಿ ಇಣುಕಿ, ನನ್ನ ಕೈಯನ್ನು ಒಂದು ಕ್ಷಣ ನೋಡಿ, ತಲೆಯಾಡಿಸಿ, ಶಾಲೆಯ ಕಡೆ ಹೊರಟಳು.