ಮಾದೇವಿಯ ಇಂಜಿನ್ನು, ನನ್ನ ಹೆಸರು

"ಯಾವ ಸೈಜ್ ಸಾರ್?" ಎಂದು ಓಮಲೂರಿನ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯವನು ನನ್ನನ್ನು ಕೇಳಿದ. ನನಗೆ ಗೊತ್ತಿರುವ ಸೈಜು ಒಂದೇ, ನನ್ನ ಚಪ್ಪಲಿಯದ್ದು.

ಉತ್ತರ ಗೊತ್ತಿದ್ದವಳು ಪಕ್ಕದಲ್ಲೇ ನಿಂತಿದ್ದಳು. ನನ್ನ ಹೆಂಡತಿ ಮಾದೇವಿ. "ಇಪ್ಪತ್ತು ಓವರ್‌ಸೈಜ್ ಪಿಸ್ಟನ್ನು, ರಿಂಗ್ ಸೆಟ್ಟು ಕೊಡಿ" ಎಂದು ಎರಡು ಸಲ ಹೇಳಿದ್ದಳು. ಅವನು ಅವಳ ಮುಖವನ್ನೂ ನೋಡದೆ ತಮಿಳಿನಲ್ಲಿ "ಇರಮ್ಮಾ, ಸಾರ್ ಸೊಲ್ಲಟ್ಟುಂ" ಎಂದ. ಸಾರ್ ಹೇಳಬೇಕಂತೆ. ಅವಳು ಉರಿದುಕೊಂಡು, ಎದುರಿನ ಲೇತ್‌ನಲ್ಲಿ ಸವೆದಿದ್ದಕ್ಕೆ ಅಗಲ ಕೊರೆಯಲು ಕೊಟ್ಟಿದ್ದ ಲೈನರ್, ಅಂದರೆ ಪಿಸ್ಟನ್ ಆಡುವ ಕೊಳವೆ, ತರಲು ರಸ್ತೆ ದಾಟಿ ಹೋದಳು.

"ಸ್ಟ್ಯಾಂಡರ್ಡ್ ತಾನೆ ಸಾರ್?"

ಸಾರ್ ಏನು ಮಾಡಿದರು? ಗಂಭೀರವಾಗಿ ತಲೆಯಾಡಿಸಿದರು. (ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ಗೊತ್ತಿಲ್ಲ ಅನ್ನುವುದುಂಟೇ?) ಅವಳು ವಾಪಸ್ ಬರುವಷ್ಟರಲ್ಲಿ ಡಬ್ಬಿ ಪ್ಯಾಕ್ ಆಗಿ ಚೀಲ ಸೇರಿತ್ತು, ಧರ್ಮಪುರಿ ಬಸ್ಸೂ ಬಂದಿತ್ತು.

ಪಿಸ್ಟನ್ ಬೇಕಾಗಿದ್ದ ಟ್ರ್ಯಾಕ್ಟರ್ ನನ್ನ ಮಾವನದು. ನಲ್ಲಂಪಳ್ಳಿ ಹತ್ತಿರ ಅವರ ಚೆಂಡುಹೂವಿನ ತೋಟ ಉಳುತ್ತಿದ್ದ ಸಣ್ಣ ಗಾಡಿ, ಒಂದೇ ಸಿಲಿಂಡರ್ ಡೀಸೆಲ್ ಇಂಜಿನ್ನು. ಮಾವನಿಗೆ ಕಣ್ಣು ಮಂಜಾದ ಮೇಲೆ ಅದನ್ನು ಬಿಚ್ಚಿ ಜೋಡಿಸಿದ್ದೆಲ್ಲ ಮಗಳೇ. ಆಗ ಅವಳಿಗೆ ಹದಿನಾರು. ಅವರು ಬೆರಳಲ್ಲಿ ಸವರಿ ಹೇಳುವುದು, ಇವಳು ಸ್ಪ್ಯಾನರ್ ತಿರುಗಿಸುವುದು. ಮಾವ ಹೋದ ಮೇಲೆ ಗಾಡಿ ಹುಣಿಸೆಮರದ ಕೆಳಗೆ ನಿಂತಿತು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. "ಕಬ್ಣಕ್ಕೆ ಆಕ್ಬುಟ್ಟು ಖರ್ಜೂರ ತಿನ್ನಕ್ಕಾ" ಎಂದ ಅವಳ ತಮ್ಮ. ನಮ್ಮ ಕಡೆ ಹಳೆ ಕಬ್ಬಿಣದವನು ಖರ್ಜೂರ ತೂಗಿಕೊಡುತ್ತಾನೆ. ಅಪ್ಪನ ಗಾಡಿಗೆ ಖರ್ಜೂರವೇ? ಅವಳು ಅದನ್ನು ಪೆನ್ನಾಗರಂ ಪಕ್ಕದ ನಮ್ಮ ಮನೆಗೆ ಎಳೆಸಿಕೊಂಡು ಬಂದಳು. ಎರಡು ತಿಂಗಳು ತನ್ನ ಟೈಲರಿಂಗ್ ಕೆಲಸದ ಹೊತ್ತು ಬಿಟ್ಟು ಉಳಿದದ್ದೆಲ್ಲ ದನದ ಕೊಟ್ಟಿಗೆಯಲ್ಲೇ. ನಟ್ಟು ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟಿದ್ದು ಮಾತ್ರ ನಾನು.

ಮನೆಗೆ ಬಂದು ಡಬ್ಬಿ ಒಡೆದಳು. ಒಂದು ರಿಂಗ್ ತೆಗೆದು, ಕೊರೆಸಿ ತಂದಿದ್ದ ಲೈನರಿನೊಳಗೆ ಇಟ್ಟಳು. ತೆಗೆದು ಡಬ್ಬಿಯ ಮೇಲಿನ ಅಕ್ಷರ ಓದಿದಳು.

"ಸ್ಟ್ಯಾಂಡರ್ಡ್ ಐತೆ ಇದು, ಕೊರೆಸಿದ್ ಲೈನರ್‌ಗೆ ಸಣ್ದಾಯ್ತದೆ. ಯಾರ್ ಕೇಳಿದ್ದು?"

"ಅವನು ಕೇಳ್ದ... ನಾನು ತಲೆ ಆಡಿಸ್ದೆ."

"ಗೊತ್ತಿಲ್ಲ ಅಂದಿದ್ರೆ ಏನ್ ಓಗ್ತಿತ್ತು ನಿಮ್ದು?"

ಹೋಗುತ್ತಿದ್ದುದು ಏನು ಎಂದು ನನಗೆ ಚೆನ್ನಾಗಿ ಗೊತ್ತು. ಒಬ್ಬ ಅಪರಿಚಿತ ಅಂಗಡಿಯವನ ಮುಂದೆ ನನ್ನ ಗಂಡಸುತನ. ಅದನ್ನು ಉಳಿಸಿಕೊಳ್ಳಲು ಅವಳ ಎರಡು ತಿಂಗಳನ್ನು ಪಣಕ್ಕಿಟ್ಟಿದ್ದೆ. ಅಂಗಡಿಯವನ ಮೇಲೆ ನನಗೆ ಬಂದ ಸಿಟ್ಟು ನನ್ನ ಮೇಲೆ ಬಂದಿದ್ದರ ಅರ್ಧವೂ ಇರಲಿಲ್ಲ. ಮರುದಿನ ಅವಳು ಕೊಟ್ಟಿಗೆಗೆ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಇಂಜಿನ್ನು ಗೋಣಿಚೀಲ ಹೊದ್ದು ಕೂತಿತ್ತು. ಮೂರನೆಯ ದಿನ ಬೆಳಗ್ಗೆ ಅವಳೇ ಲೈನರನ್ನು ವೈರ್ ಬ್ಯಾಗಿಗೆ ಹಾಕಿ "ಬನ್ನಿ" ಎಂದಳು.

ಅಂಗಡಿಯವನು ಡಬ್ಬಿ ಮುಟ್ಟಲಿಲ್ಲ. "ಸಾರೇ ಸ್ಟ್ಯಾಂಡರ್ಡ್ ಅಂದ್ರಲ್ಲಾ. ಒಡೆದ ಡಬ್ಬಿ ರಿಟರ್ನ್ ಇಲ್ಲ ಸಾರ್. ನಿಮ್ಮ ಮೆಕ್ಯಾನಿಕ್ಕನ್ನ ಕರ್ಕೊಂಡ್ ಬನ್ನಿ, ಪೇಸಲಾಂ, ಮಾತಾಡೋಣ."

"ಮೆಕ್ಯಾನಿಕ್ ಇವರೇ" ಎಂದೆ.

ಅವನು ನಕ್ಕ. ಕೌಂಟರಿನಲ್ಲಿದ್ದ ಇನ್ನಿಬ್ಬರೂ ನಕ್ಕರು.

ಮಾದೇವಿ ನಗಲಿಲ್ಲ. ಲೈನರ್ ತೆಗೆದು ಕೌಂಟರ್ ಮೇಲೆ ಇಟ್ಟಳು. ರಿಂಗನ್ನು ಒಳಗೆ ಇಳಿಸಿ, ಪಿಸ್ಟನ್ನಿನಿಂದ ಮೆಲ್ಲಗೆ ಒತ್ತಿ ಸಮ ಮಾಡಿದಳು. ರಿಂಗಿನ ಎರಡು ತುದಿಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ಇರಬೇಕಾದದ್ದು ದಪ್ಪ ಕಾಗದ ತೂರುವಷ್ಟು. "ಇದನ್ನ ಆಕಿ ಓಡ್ಸಿದ್ರೆ ಒಗೆ ಬತ್ತದೆ, ಆಯಿಲ್ ಕುಡೀತದೆ. ನಾನು ಇಪ್ಪತ್ತು ಅಂದೆ, ಎರಡ್ ಸಲ ಅಂದೆ. ನಿಮ್ಗೆ ಕೇಳಿಸ್ಲಿಲ್ವಾ, ಕೇಳ್ಬಾರ್ದು ಅಂತ್ಲಾ?"

ಅವನು ಒಳಗೆ ಹೋಗಿ ಸರಿಯಾದ ಸೆಟ್ಟು ತಂದ. ತಂದು ಯಾರ ಕೈಗೆ ಕೊಟ್ಟ? ನನ್ನ ಕೈಗೆ. "ಇನ್ಮೇಲೆ ಕರೆಕ್ಟಾಗಿ ಕೇಳಿ ಸಾರ್" ಎಂಬ ಬುದ್ಧಿವಾದ ಬೇರೆ. ಬಿಲ್ಲಿಗೆ ಹೆಸರು ಕೇಳಿದ. "ಮಾದೇವಿ" ಎಂದೆ. ಅವನು ಬರೆದದ್ದು: ಮಾದೇವನ್.

ಕಳೆದ ಭಾನುವಾರ ಬೆಳಗ್ಗೆ ಅವಳು ಹ್ಯಾಂಡಲ್ ಹಾಕಿ ತಿರುಗಿಸಿದಳು. ಮೂರು ಸಲ ಕೆಮ್ಮಿತು. ನಾಲ್ಕನೆಯದಕ್ಕೆ ಹತ್ತಿಕೊಂಡಿತು. ಸಾಫಾದ ಸದ್ದು. ಹೊಗೆ ತಿಳಿಯಾಗುವವರೆಗೂ ಅವಳು ಇಂಜಿನ್ನಿಗೆ ಕಿವಿ ಕೊಟ್ಟು ನಿಂತಿದ್ದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರೋ, ಅಪ್ಪನ ನೆನಪೋ, ನಾನು ಕೇಳಲಿಲ್ಲ.

ಸದ್ದು ಕೇಳಿ ಪಕ್ಕದ ಹೊಲದ ಮುನಿಯಣ್ಣ ಬೇಲಿ ದಾಟಿ ಬಂದ. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡಿದ್ದ ಅವಳನ್ನು ದಾಟಿ, ಬಿಳಿ ಪಂಚೆಯ ನನ್ನ ಕೈ ಹಿಡಿದು ಕುಲುಕಿದ. "ಸೂಪರ್ ಮೇಷ್ಟ್ರೆ. ನಿಮ್ ಕೈಯಾಗೆ ಇಂಥ ಕೆಲ್ಸ ಐತೆ ಅಂತ ಗೊತ್ತೇ ಇರ್ಲಿಲ್ಲ."

"ನಂದೇನೂ ಇಲ್ಲ ಮುನಿಯಣ್ಣ. ಪೂರ್ತಿ ಮಾಡಿದ್ದು ಮಾದೇವಿ. ನಾನು ನಟ್ಟು ತೊಳೆದೆ ಅಷ್ಟೇ."

ಮುನಿಯಣ್ಣ ನನ್ನ ಹೆಗಲು ತಟ್ಟಿ, ಮಾದೇವಿಗೆ ಹೇಳಿದ: "ನೋಡಮ್ಮಾ, ಎಷ್ಟು ದೊಡ್ಡ ಮನ್ಸು ನಿನ್ ಗಂಡಂದು."

ನಿಜ ಹೇಳಿದರೂ ಗಂಡಸಿಗೇ ಮಾರ್ಕ್ಸ್ ಬೀಳುವ ಊರಿನಲ್ಲಿ ಹೆಂಗಸು ಇನ್ನೇನನ್ನು ಬಿಚ್ಚಿ ಜೋಡಿಸಿ ತೋರಿಸಬೇಕು?